ವಿಶ್ವವಿದ್ಯಾಲಯ ನೌಕರರ ಸಂಘದ ಚುನಾವಣೆ: ಸದಸ್ಯರ ಪಟ್ಟಿಯಿಂದ ಅಲ್ಮೇರಾ ಕೀಲಿವರೆಗೆ

ಮತದಾನದ ದಿನ, ಬೆಳಿಗ್ಗೆ ಹತ್ತೂವರೆ. ಗ್ರಂಥಾಲಯದಿಂದ ಪರೀಕ್ಷಾ ವಿಭಾಗಕ್ಕೆ ಬದಲಾಗಿ ಬಂದಿದ್ದ ಅಟೆಂಡರ್ ಅಕ್ಕ ನನ್ನ ಮೇಜಿನ ಮುಂದೆ ನಿಂತಿದ್ದರು. ಕೈಯಲ್ಲಿ ಮೂರು ತಿಂಗಳ ವೇತನ ಚೀಟಿ, ನಾಲ್ಕು ಮಡಿಕೆ ಮಾಡಿದ್ದು. "ಸರ್, ತಿಂಗಳಾ ತಿಂಗಳಾ ಪಗಾರದಾಗ ಐವತ್ತು ರೂಪಾಯಿ ಮುರಕೊಂಡಾರ. ಪಟ್ಟಿದಾಗ ನನ್ನ ಹೆಸರೇ ಇಲ್ಲಂದ್ರ ಹ್ಯಾಂಗ್ರೀ?" ಅಂದರು.

ನಾನು ಅವತ್ತು ಚುನಾವಣಾಧಿಕಾರಿ. ಅಂತಿಮ ಪಟ್ಟಿಗೆ ಸಹಿ ಬಿದ್ದು ವಾರವಾಗಿತ್ತು. ಆಮೇಲೆ ಹೆಸರು ಸೇರಿಸುವಂತಿಲ್ಲ ಅಂತ ಬೈಲಾದಲ್ಲೇ, ಅಂದರೆ ಸಂಘದ ನಿಯಮಾವಳಿಯಲ್ಲೇ ಇತ್ತು. ಅಕ್ಕ ಮತ ಹಾಕದೆ ವಾಪಸ್ ಹೋದರು. ಆಮೇಲೆ ಹುಡುಕಿದರೆ ತಪ್ಪು ಸಿಕ್ಕಿತು. ಅವರ ದುಡ್ಡು ಸರಿಯಾಗಿ ಸಂಘದ ಖಾತೆಗೆ ಬರುತ್ತಿತ್ತು. ನಮ್ಮ ಖಜಾಂಚಿ ಮಾತ್ರ ಹಿಂದಿನ ಚುನಾವಣೆಯ ಪಟ್ಟಿಯನ್ನೇ ವಿಭಾಗವಾರು ನಕಲು ಮಾಡಿದ್ದರು. ಗ್ರಂಥಾಲಯದ ಪುಟದಲ್ಲಿ ಆ ಹೆಸರು ಹೊಡೆದು ಹಾಕಿದ್ದರು, ಪರೀಕ್ಷಾ ವಿಭಾಗದ ಪುಟದಲ್ಲಿ ಬರೆದಿರಲಿಲ್ಲ. ಅಷ್ಟೇ.

ಅದಾದ ಮೇಲೆ ಕಲಬುರಗಿಯಲ್ಲಿ ಇನ್ನೂ ಎರಡು ಚುನಾವಣೆ ನಡೆಸಿಕೊಟ್ಟಿದ್ದೇನೆ. ಸಂಘದ ಚುನಾವಣೆಯಲ್ಲಿ ನಡೆಯುವ ಜಗಳ ಹೆಚ್ಚಿನವು ಹುಟ್ಟುವುದು ಸದಸ್ಯರ ಪುಸ್ತಕದಲ್ಲಿ. ಆ ಪುಸ್ತಕ ಸರಿ ಇದ್ದರೆ ಮುಂದಿನ ಕೆಲಸ ಅರ್ಧ ಹಗುರ. ಹಾಗಾಗಿ ಈ ಬರಹದಲ್ಲಿ ಅದಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮೊದಲು: ನಿಮ್ಮ ಸಂಘ ಯಾವ ಕಾಯ್ದೆಯ ಕೆಳಗಿದೆ?

ಅಲ್ಮೇರಾದಿಂದ ನೋಂದಣಿ ಪ್ರಮಾಣಪತ್ರ ತೆಗೆದು ನೋಡಿ. ನಮ್ಮ ಕಡೆ ಇಂಥ ಸಂಘಗಳು ಸಾಮಾನ್ಯವಾಗಿ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕೆಳಗೆ ಇರುತ್ತವೆ. ಏಳು ಜನ ವಯಸ್ಕರು ಸೇರಿದರೆ ಈ ಕಾಯ್ದೆಯಡಿ ಸಂಘ ಕಟ್ಟಬಹುದು. ನೋಂದಣಿ ಆಗುವುದು ಸಹಕಾರ ಇಲಾಖೆಯಲ್ಲಿರುವ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಬಳಿ. ಇನ್ನು ಕೆಲವು ಕಡೆ ಕಾರ್ಮಿಕ ಸಂಘವಾಗಿ ನೋಂದಾಯಿಸಿರುತ್ತಾರೆ. ಅದು ಮೊದಲು 1926ರ ಕಾಯ್ದೆಯಡಿ ಆಗುತ್ತಿತ್ತು, ಈಗ ಅದರ ಜಾಗಕ್ಕೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ಬಂದಿದೆ. ಬೋಧಕರು ಕೈಗಾರಿಕಾ ಕಾನೂನಿನ ಅರ್ಥದಲ್ಲಿ ಕಾರ್ಮಿಕರಲ್ಲ ಅಂತ ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿತು. ಬೋಧಕರೂ ಬೋಧಕೇತರರೂ ಬೇರೆ ಬೇರೆ ಸಂಘ ಮಾಡಿಕೊಳ್ಳುವುದಕ್ಕೆ ಇದೂ ಒಂದು ಕಾರಣ.

ನೋಂದಣಿ ಬೇರೆ, ಮಾನ್ಯತೆ ಬೇರೆ. ನೋಂದಣಿ ಕೊಡುವುದು ಸರ್ಕಾರದ ನೋಂದಣಾಧಿಕಾರಿ. ಮಾನ್ಯತೆ ಕೊಡುವುದು ವಿಶ್ವವಿದ್ಯಾಲಯದ ಆಡಳಿತ, ಅಂದರೆ ನಿಮ್ಮ ಸಂಘದ ಜೊತೆ ಕೂತು ಮಾತಾಡುತ್ತೇವೆ ಅಂತ ಒಪ್ಪುವುದು. ಸಂಘ ಕಟ್ಟುವ ಹಕ್ಕು ಸಂವಿಧಾನದ 19ನೇ ವಿಧಿಯಲ್ಲೇ ಇದೆ. ಮಾನ್ಯತೆ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಸಂಘ ಬಿಡಿ ಅಂತ ಸರ್ಕಾರಿ ನೌಕರರಿಗೆ ಹೇಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1962ರಲ್ಲೇ ತೀರ್ಪು ಕೊಟ್ಟಿದೆ. ಯಾರಾದರೂ ಹೆದರಿಸಿದರೆ ಇದನ್ನು ನೆನಪಿಟ್ಟುಕೊಳ್ಳಿ.

ಮಾನ್ಯತೆಗೆ ಒಂದು ಒಳ್ಳೆಯ ಮಾದರಿ ಬೇಕಾದರೆ ಕೇಂದ್ರ ಸರ್ಕಾರಿ ನೌಕರರ ಸೇವಾ ಸಂಘಗಳಿಗೆ 1993ರಲ್ಲಿ ಮಾಡಿದ ಮಾನ್ಯತೆ ನಿಯಮಗಳನ್ನು ಓದಿ. ಆ ವರ್ಗದ ನೌಕರರಲ್ಲಿ ಕನಿಷ್ಠ ಶೇ. 35 ಜನ ಸದಸ್ಯರಿರಬೇಕು. ಎರಡನೇ ಸಂಘಕ್ಕೂ ಮಾನ್ಯತೆ ಬೇಕಾದರೆ ಅದಕ್ಕೆ ಶೇ. 15 ಆದರೂ ಇರಬೇಕು. ಜಾತಿ, ಧರ್ಮದ ಮೇಲೆ ಸಂಘ ಕಟ್ಟುವಂತಿಲ್ಲ. ಸದಸ್ಯರ ಲೆಕ್ಕ ಹಿಡಿಯುವುದು ವೇತನದಲ್ಲಿ ಕಡಿತವಾಗುವ ವಂತಿಗೆಯಿಂದ. ನಮ್ಮ ರಾಜ್ಯ ವಿಶ್ವವಿದ್ಯಾಲಯಗಳಿಗೆ ಇದು ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಬೈಲಾ ಬರೆಯುವವರು ಇದನ್ನು ಪಕ್ಕದಲ್ಲಿ ಇಟ್ಟುಕೊಂಡು ಕೂತರೆ ಒಳ್ಳೆಯದು.

ಸದಸ್ಯ ಯಾರು?

ಬೈಲಾದಲ್ಲಿ "ವಿಶ್ವವಿದ್ಯಾಲಯದ ಎಲ್ಲಾ ನೌಕರರು" ಅಂತ ಸುಮ್ನೆ ಬರೆದು ಬಿಟ್ಟರೆ ಚುನಾವಣೆ ಬಂದಾಗ ತಲೆನೋವು. ಯಾರ್ಯಾರು ಅಂತ ಬಿಡಿಸಿ ಬರೆಯಿರಿ. ಖಾಯಂ ನೌಕರರ ಬಗ್ಗೆ ತಕರಾರು ಇರುವುದಿಲ್ಲ. ಪ್ರೊಬೇಷನ್‌ನಲ್ಲಿ ಇರುವವರು? ನನ್ನ ಪ್ರಕಾರ ಅವರೂ ಸದಸ್ಯರು, ಮತವೂ ಇರಲಿ. ನಿಯೋಜನೆ ಮೇಲೆ ಬೇರೆ ಇಲಾಖೆಗೆ ಹೋದವರು? ಮೂಲ ಹುದ್ದೆ ಇಲ್ಲೇ ಇರುವುದರಿಂದ ಸದಸ್ಯತ್ವ ಉಳಿಸಿ, ಆದರೆ ಸ್ಪರ್ಧಿಸುವುದಕ್ಕೆ ಬಿಡಬೇಡಿ. ದಿನಾ ಕ್ಯಾಂಪಸ್ಸಿನಲ್ಲಿ ಇಲ್ಲದವರು ಕಾರ್ಯದರ್ಶಿ ಆದರೆ ಜನ ಯಾರ ಹತ್ತಿರ ಹೋಗಬೇಕು?

ಅಮಾನತಿನಲ್ಲಿ ಇರುವವರ ಬಗ್ಗೆ ಪ್ರತಿ ಸಲ ಗಲಾಟೆ ಆಗುತ್ತದೆ. ಅಮಾನತು ಅಂದರೆ ನೌಕರಿ ಹೋಯಿತು ಅಂತಲ್ಲ. ಅವರು ಇನ್ನೂ ನೌಕರರೇ. ಸಂಘದ ಅಗತ್ಯ ಅವರಿಗೇ ಜಾಸ್ತಿ ಇರುವ ಹೊತ್ತು ಅದು. ಸದಸ್ಯತ್ವ ಕಿತ್ತು ಹಾಕಬೇಡಿ.

ಕಷ್ಟದ ಪ್ರಶ್ನೆ ಹೊರಗುತ್ತಿಗೆಯವರದ್ದು. ತೋಟದ ಕೆಲಸ, ಸ್ವಚ್ಛತೆ, ಕಾವಲು, ಹಾಸ್ಟೆಲ್ ಅಡಿಗೆ, ಡೇಟಾ ಎಂಟ್ರಿ ಮಾಡುವ ಎಷ್ಟೋ ಜನರಿಗೆ ಪಗಾರ ಕೊಡುವುದು ಗುತ್ತಿಗೆದಾರ. ಕಾಗದದ ಮೇಲೆ ಅವರು ವಿಶ್ವವಿದ್ಯಾಲಯದ ನೌಕರರಲ್ಲ. ಪೂರ್ಣ ಸದಸ್ಯತ್ವ ಕೊಟ್ಟರೆ ಆಡಳಿತ ಅದನ್ನೇ ನೆಪ ಮಾಡಿ ಮಾನ್ಯತೆ ತಡೆಯಬಹುದು. ಹಾಗಂತ ಬಾಗಿಲು ಮುಚ್ಚುವುದು ನನಗೆ ಒಪ್ಪಿಗೆ ಇಲ್ಲ. ಸಹ ಸದಸ್ಯತ್ವ ಅಂತ ಒಂದು ವರ್ಗ ಮಾಡಿ. ವಂತಿಗೆ ಹೆಸರಿಗೆ ಮಾತ್ರ ಇರಲಿ. ಮಹಾಸಭೆಯಲ್ಲಿ ಕೂತು ಮಾತಾಡುವ ಹಕ್ಕು ಕೊಡಿ, ಮತ ಇಲ್ಲದಿದ್ದರೂ ಪರವಾಗಿಲ್ಲ. ಪಿಎಫ್ ಕಟ್ಟಿಲ್ಲ, ಎರಡು ತಿಂಗಳ ಪಗಾರ ಬಂದಿಲ್ಲ ಅನ್ನೋ ಮಾತು ಸಭೆಯ ನಡಾವಳಿಯಲ್ಲಿ ದಾಖಲಾದರೂ ಅವರಿಗೆ ಅದು ದೊಡ್ಡ ಆಸರೆ.

ನಿವೃತ್ತರಿಗೆ ಗೌರವ ಸದಸ್ಯತ್ವ ಸಾಕು. ಅವಧಿ ಮಧ್ಯದಲ್ಲಿ ನಿವೃತ್ತರಾಗುವವರು ಸ್ಪರ್ಧಿಸಬಹುದೇ ಅನ್ನೋದನ್ನು ಬೈಲಾದಲ್ಲೇ ಬರೆದು ಬಿಡಿ. ಕನಿಷ್ಠ ಒಂದು ವರ್ಷ ಸೇವೆ ಬಾಕಿ ಇರಬೇಕು ಅಂದರೆ ಸರಿ ಹೋಗುತ್ತದೆ.

ಪಟ್ಟಿ ಮಾಡುವ ರೀತಿ

ಹಳೆಯ ಪಟ್ಟಿ ನಕಲು ಮಾಡಬೇಡಿ. ಇದೊಂದನ್ನು ಪಾಲಿಸಿದರೂ ಸಾಕು, ಆ ಅಕ್ಕನಂಥವರು ಬರಿಗೈಲಿ ವಾಪಸ್ ಹೋಗುವುದು ತಪ್ಪುತ್ತದೆ.

ಹಣಕಾಸು ಅಧಿಕಾರಿಯ ಕಚೇರಿಗೆ ಪತ್ರ ಕೊಟ್ಟು ಕಳೆದ ಮೂರು ತಿಂಗಳ ವಂತಿಗೆ ಕಡಿತದ ತಖ್ತೆ ತೆಗೆದುಕೊಳ್ಳಿ. ಅದರಲ್ಲಿ ನೌಕರರ ಸಂಖ್ಯೆ, ಹೆಸರು, ವಿಭಾಗ, ಮೊತ್ತ ಇರಬೇಕು. ಅದರ ಪಕ್ಕದಲ್ಲಿ ಸಂಘದ ರಸೀದಿ ಪುಸ್ತಕ ಇಡಿ. ನಗದು ಕೊಟ್ಟವರು ಅಲ್ಲಿ ಇರುತ್ತಾರೆ. ಮೂರನೆಯದು ಸದಸ್ಯತ್ವ ಅರ್ಜಿಗಳ ಕಡತ. ಇಬ್ಬರು ಕೂತು, ಒಬ್ಬರು ಓದುತ್ತಾ ಇನ್ನೊಬ್ಬರು ಗುರುತು ಹಾಕುತ್ತಾ ಹೋಗಬೇಕು. ಹೊಂದಿಸುವುದು ನೌಕರರ ಸಂಖ್ಯೆಯಿಂದ, ಹೆಸರಿನಿಂದ ಅಲ್ಲ. ನಮ್ಮ ಭಾಗದಲ್ಲಿ ಶರಣಬಸಪ್ಪ, ಮಲ್ಲಿಕಾರ್ಜುನ, ಮಹಬೂಬ್ ಅನ್ನೋ ಹೆಸರು ಒಂದೊಂದು ವಿಭಾಗದಲ್ಲಿ ಎರಡು ಮೂರು ಇರುತ್ತವೆ.

ಇಲ್ಲಿ ಕಣ್ತಪ್ಪಿ ಹೋಗುವವರು ವೇತನರಹಿತ ರಜೆಯಲ್ಲಿ ಇರುವವರು. ವೇತನ ಇಲ್ಲದ ತಿಂಗಳು ಕಡಿತವೂ ಇಲ್ಲ. ಬೈಲಾದಲ್ಲಿ "ಮೂರು ತಿಂಗಳು ವಂತಿಗೆ ಬಾಕಿ ಇದ್ದರೆ ಮತ ಇಲ್ಲ" ಅಂತಿದ್ದರೆ ಅವರಿಗೆ ಗೊತ್ತೇ ಆಗದೆ ಮತ ಹೋಗಿರುತ್ತದೆ. ಕಾಯಿಲೆಯವರು, ಮನೆಯಲ್ಲಿ ಹಿರಿಯರನ್ನು ನೋಡಿಕೊಳ್ಳುವುದಕ್ಕೆ ರಜೆ ಹಾಕಿದ ಹೆಣ್ಣುಮಕ್ಕಳು ಇದರಲ್ಲಿ ಜಾಸ್ತಿ. ಪಟ್ಟಿ ಮಾಡುವ ಮೊದಲೇ ಅವರಿಗೆ ಫೋನ್ ಮಾಡಿ. ಬಾಕಿ ನಗದಾಗಿ ಕಟ್ಟಿಸಿಕೊಂಡು ರಸೀದಿ ಕೊಡಿ.

ಕರಡು ಪಟ್ಟಿಯನ್ನು ಆಡಳಿತ ಸೌಧದ ಸೂಚನಾ ಫಲಕಕ್ಕೆ ಅಂಟಿಸಿದರೆ ಮುಗಿಯಲಿಲ್ಲ. ಹಾಸ್ಟೆಲ್ ಕಚೇರಿ, ಗ್ರಂಥಾಲಯ, ಆರೋಗ್ಯ ಕೇಂದ್ರ, ವಾಹನ ವಿಭಾಗ, ಪ್ರತಿ ಅಧ್ಯಯನ ವಿಭಾಗದ ಬಾಗಿಲು, ಎಲ್ಲಾ ಕಡೆ ಹಾಕಿ. ಚಾಲಕರು, ಕಾವಲುಗಾರರು ಆಡಳಿತ ಸೌಧದ ಕಡೆ ತಿಂಗಳಿಗೊಮ್ಮೆಯೂ ಬರುವುದಿಲ್ಲ. ಆಕ್ಷೇಪಣೆಗೆ ಏಳು ದಿನ ಕೊಡಿ. ಬಂದ ಪ್ರತಿ ಅರ್ಜಿಗೂ ಸ್ವೀಕೃತಿ ಕೊಡಿ, ಒಪ್ಪದಿದ್ದರೆ ಕಾರಣ ಬರೆದು ಉತ್ತರ ಕೊಡಿ. ಆಮೇಲೆ ಅಂತಿಮ ಪಟ್ಟಿ, ಪ್ರತಿ ಪುಟಕ್ಕೂ ಚುನಾವಣಾಧಿಕಾರಿಯ ಸಹಿ ಮತ್ತು ಸಂಘದ ಮೊಹರು.

ಒಂದು ತಿದ್ದುಪಡಿ ನಮ್ಮ ಬೈಲಾಕ್ಕೆ ಆಮೇಲೆ ಸೇರಿಸಿದೆವು. ಮತದಾನದ ದಿನ ಯಾರಾದರೂ ಮೂರು ತಿಂಗಳ ಕಡಿತದ ವೇತನ ಚೀಟಿ ತೋರಿಸಿದರೆ ಅವರ ಮತವನ್ನು ಬೇರೆ ಲಕೋಟೆಯಲ್ಲಿ ಹಾಕಿಸಿಕೊಳ್ಳಬೇಕು. ಎಣಿಕೆಗೆ ಮುಂಚೆ ದಾಖಲೆ ನೋಡಿ, ಸರಿ ಇದ್ದರೆ ಲಕೋಟೆ ಒಡೆದು ಮತಪತ್ರವನ್ನು ಬಿಚ್ಚದೆ ರಾಶಿಗೆ ಸೇರಿಸಬೇಕು. ನೀವೂ ಇದನ್ನು ಮಾಡಿ. ಮಹಾಸಭೆಯಲ್ಲಿ ಠರಾವು ಮಾಡಿ, ನೋಂದಣಾಧಿಕಾರಿ ಬಳಿ ದಾಖಲು ಮಾಡಿಸುವುದು ಮರೆಯಬೇಡಿ.

ಚುನಾವಣಾಧಿಕಾರಿ, ದಿನಾಂಕ

ಚುನಾವಣಾಧಿಕಾರಿ ಯಾರ ಬಣಕ್ಕೂ ಸೇರದವರಾಗಿರಬೇಕು. ನಿವೃತ್ತ ಸೂಪರಿಂಟೆಂಡೆಂಟ್, ಕಾನೂನು ವಿಭಾಗದ ಹಿರಿಯ ಬೋಧಕರು, ಇಂಥವರನ್ನು ಕೇಳಿ. ಹಾಲಿ ಅಧ್ಯಕ್ಷರೇ ಚುನಾವಣೆ ನಡೆಸುವುದು ಬೇಡ, ಅವರು ಸ್ಪರ್ಧಿಸದಿದ್ದರೂ ಬೇಡ.

ದಿನಾಂಕ ಆರಿಸುವಾಗ ನಮ್ಮೂರಿನ ಪಂಚಾಂಗ, ಬಿಸಿಲು ಎರಡನ್ನೂ ನೋಡಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಸಮಯವನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವುದು ವಾಡಿಕೆ. ಆ ದಿನಗಳಲ್ಲಿ ಸಂಜೆ 4ರವರೆಗೆ ಮತದಾನ ಇಟ್ಟರೆ ಯಾರು ಕಾಯುತ್ತಾರೆ? ಹೋಳಿ ಆದ ಮೇಲೆ ಶರಣಬಸವೇಶ್ವರರ ಜಾತ್ರೆ, ಬಂದೇ ನವಾಜರ ಉರುಸು, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ಘಟಿಕೋತ್ಸವ, ಪರೀಕ್ಷೆಗಳು, ಇವುಗಳನ್ನು ತಪ್ಪಿಸಿ. ತಿಂಗಳ ಮೊದಲ ವಾರ ಪಗಾರದ ಕೆಲಸ ಇರುತ್ತದೆ, ಅದೂ ಬೇಡ. ನನಗೆ ಒಗ್ಗಿದ್ದು ನವೆಂಬರ್, ಡಿಸೆಂಬರ್‌ನ ಒಂದು ಬುಧವಾರ.

ಕ್ಯಾಂಪಸ್ ಊರ ಹೊರಗಿದ್ದರೆ ಬಸ್ಸಿನ ಸಮಯವನ್ನೂ ಲೆಕ್ಕ ಹಾಕಿ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯ ಇರುವುದು ಆಳಂದ ತಾಲೂಕಿನ ಕಡಗಂಚಿಯಲ್ಲಿ. ಅಂಥ ಕಡೆ ಕಲಬುರಗಿಗೆ ಹೊರಡುವ ಬಸ್ಸಿಗೆ ಒಂದು ಗಂಟೆ ಮುಂಚೆ ಮತದಾನ ಮುಗಿಯಬೇಕು. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದಂಥದ್ದು ಇನ್ನೂ ಬೇರೆ. ಕೇಂದ್ರ ಕಚೇರಿ ಬೀದರಿನಲ್ಲಿ, ಕಾಲೇಜುಗಳು ಹಾಸನ, ಶಿವಮೊಗ್ಗ, ಮಂಗಳೂರಿನವರೆಗೆ. ಹೀಗೆ ಹರಡಿಕೊಂಡಿರುವ ಕಡೆ ಪ್ರತಿ ಕೇಂದ್ರಕ್ಕೂ ಒಂದು ಮತಪೆಟ್ಟಿಗೆ, ಒಬ್ಬ ಸಹಾಯಕ ಚುನಾವಣಾಧಿಕಾರಿ ಬೇಕು. ಅಂಚೆ ಮತ ಇಟ್ಟರೆ ತಲುಪಬೇಕಾದ ಕೊನೆಯ ದಿನ, ಗಂಟೆ ಎರಡನ್ನೂ ಮೊದಲೇ ಹೇಳಿ.

ಒಟ್ಟಿನಲ್ಲಿ ಘೋಷಣೆಯಿಂದ ಮತದಾನಕ್ಕೆ ಐದಾರು ವಾರ ಇಟ್ಟುಕೊಳ್ಳಿ. ಅದಕ್ಕಿಂತ ಕಡಿಮೆ ಆದರೆ ಪಟ್ಟಿ ಕೆಡುತ್ತದೆ.

ಎಷ್ಟು ಸ್ಥಾನ, ಯಾರಿಗೆ?

ಹನ್ನೊಂದು ಜನರ ಕಾರ್ಯಕಾರಿ ಸಮಿತಿ, ಪ್ರತಿ ಸದಸ್ಯನಿಗೂ ಹನ್ನೊಂದು ಮತ. ಕೇಳುವುದಕ್ಕೆ ಸರಳ. ಆದರೆ ಲೆಕ್ಕ ಹಾಕಿ ನೋಡಿ. ನೂರು ಜನರಲ್ಲಿ ಐವತ್ತೈದು ಜನ ಒಂದೇ ಬಣದ ಹನ್ನೊಂದೂ ಹೆಸರಿಗೆ ಒತ್ತಿದರೆ ಹನ್ನೊಂದೂ ಸ್ಥಾನ ಅವರದ್ದೇ. ಉಳಿದ ನಲವತ್ತೈದು ಜನರ ಪರವಾಗಿ ಸಮಿತಿಯಲ್ಲಿ ಒಬ್ಬರೂ ಇಲ್ಲ. ಗ್ರೂಪ್ ಡಿ ನೌಕರರು, ಮಹಿಳೆಯರು ಹೊರಗುಳಿಯುವುದು ಹೀಗೆಯೇ.

ಅದಕ್ಕೇ ಸ್ಥಾನಗಳನ್ನು ವರ್ಗವಾರು ಹಂಚಿ. ಗ್ರೂಪ್ ಸಿ ಇಷ್ಟು, ಗ್ರೂಪ್ ಡಿ ಇಷ್ಟು, ಹೊರ ಕೇಂದ್ರಗಳಿಗೆ ಒಂದು. ಆಯಾ ವರ್ಗದ ಸ್ಥಾನಕ್ಕೆ ಆಯಾ ವರ್ಗದವರೇ ಮತ ಹಾಕಲಿ. ಮೂರನೇ ಒಂದು ಭಾಗ ಮಹಿಳೆಯರಿಗೆ ಮೀಸಲಿಡಿ. ನಮ್ಮಲ್ಲಿ ಗ್ರೂಪ್ ಡಿಯಿಂದ ಮೊದಲ ಸಲ ಮಹಿಳೆ ಸಮಿತಿಗೆ ಬಂದ ವರ್ಷವೇ ಹಳೆಯ ಕಟ್ಟಡದ ಹೆಂಗಸರ ಶೌಚಾಲಯಕ್ಕೆ ನೀರಿನ ಸಂಪರ್ಕ ಬಂತು. ಅಲ್ಲಿವರೆಗೆ ಯಾವ ಸಮಿತಿಯೂ ಆ ಮಾತು ಎತ್ತಿರಲಿಲ್ಲ.

ನಾಮಪತ್ರ

ಅಭ್ಯರ್ಥಿಯ ಸಹಿ, ಒಬ್ಬ ಸೂಚಕ, ಒಬ್ಬ ಅನುಮೋದಕ, ಮೂವರ ಹೆಸರೂ ಅಂತಿಮ ಪಟ್ಟಿಯಲ್ಲಿ ಇರಬೇಕು. ಠೇವಣಿ ಕಡಿಮೆ ಇಡಿ. ಅಟೆಂಡರ್ ಒಬ್ಬರು ಮನೆಯಲ್ಲಿ ಕೇಳದೆ ಕಟ್ಟುವಷ್ಟು ಇದ್ದರೆ ಸಾಕು. ಪರಿಶೀಲನೆ ಅಭ್ಯರ್ಥಿಗಳ ಮುಂದೆಯೇ ನಡೆಯಲಿ. ಅಕ್ಷರ ತಪ್ಪು, ತಂದೆಯ ಹೆಸರಿನ ಇನಿಷಿಯಲ್ ಬಿಟ್ಟಿದ್ದು, ಇಂಥ ಸಣ್ಣದಕ್ಕೆ ನಾಮಪತ್ರ ತಿರಸ್ಕರಿಸಬೇಡಿ, ಅಲ್ಲೇ ತಿದ್ದಿಸಿ. ತಿರಸ್ಕರಿಸಿದರೆ ಕಾರಣ ಬರೆದು ಕೊಡಿ. ವಾಪಸ್ ಪಡೆಯುವುದಕ್ಕೆ ಅಭ್ಯರ್ಥಿಯೇ ಖುದ್ದಾಗಿ ಬರಬೇಕು. ಬೇರೆಯವರ ಕೈಯಲ್ಲಿ ಬಂದ ವಾಪಸಾತಿ ಪತ್ರ ನಾನು ಎಂದೂ ತೆಗೆದುಕೊಂಡಿಲ್ಲ.

ಮತಪತ್ರ ಮತ್ತು ಮತದಾನ

ಹೆಸರಿನ ಪಕ್ಕ ಫೋಟೋ ಹಾಕಿ. ನಮ್ಮ ಭಾಗದಲ್ಲಿ ಉರ್ದು, ಮರಾಠಿ, ತೆಲುಗು ಶಾಲೆಯಲ್ಲಿ ಓದಿದವರು ಇದ್ದಾರೆ. ಕನ್ನಡ ಚೆನ್ನಾಗಿ ಮಾತಾಡುತ್ತಾರೆ, ಓದುವುದು ನಿಧಾನ. ಹಿಂದಿನವರು ಕಾಯುತ್ತಿದ್ದಾರೆ ಅನ್ನೋ ಸಂಕೋಚಕ್ಕೆ ತಪ್ಪು ಹೆಸರಿಗೆ ಗುರುತು ಹಾಕಿ ಬರುತ್ತಾರೆ.

ಪೆನ್ನಿನಿಂದ ಗುರುತು ಹಾಕಿಸಬೇಡಿ. ಒಂದು ಸಲ ಹಾಗೆ ಮಾಡಿದ್ದೆವು. ಒಂದು ಮತಪತ್ರದಲ್ಲಿ ಹತ್ತು ಹೆಸರಿಗೆ ಸರಿ ಗುರುತು, ಒಂದಕ್ಕೆ ತಪ್ಪು ಗುರುತು. ಆ ತಪ್ಪು ಗುರುತು "ಇವರು ಬೇಡ" ಅಂತಲೋ, ಅದೂ ಮತವೋ? ಒಂದು ಗಂಟೆ ಜಗಳ. ಗೆಲುವಿನ ಅಂತರ ಎರಡೇ ಮತ ಇತ್ತು. ಆಮೇಲಿಂದ ರಬ್ಬರ್ ಮುದ್ರೆ ಮತ್ತು ಸ್ಟ್ಯಾಂಪ್ ಪ್ಯಾಡ್ ಮಾತ್ರ.

ಮತಪತ್ರದ ಹಿಂದೆ ಚುನಾವಣಾಧಿಕಾರಿಯ ಸಹಿ ಇರಲಿ. ಮತದಾರರ ಕ್ರಮಸಂಖ್ಯೆ ಮತಪತ್ರದ ಮೇಲೆ ಎಲ್ಲೂ ಬರಬಾರದು. ಅದು ಪಟ್ಟಿಯಲ್ಲಿ ಮಾತ್ರ, ಸಹಿಯ ಪಕ್ಕದಲ್ಲಿ. ಮತ ಹಾಕುವ ಜಾಗಕ್ಕೆ ರಟ್ಟಿನ ಮರೆ ಕಟ್ಟಿ, ಕಿಟಕಿಗೆ ಬೆನ್ನು ಮಾಡಿ ನಿಲ್ಲುವಂತೆ ಇಡಬೇಡಿ. ವಿಭಾಗದ ಮುಖ್ಯಸ್ಥರು, ಕುಲಸಚಿವರ ಕಚೇರಿಯವರು ಆ ಕೋಣೆಗೆ ಸುಳಿಯಬಾರದು. ಪೆಟ್ಟಿಗೆ ಖಾಲಿ ಇದೆ ಅಂತ ಅಭ್ಯರ್ಥಿಗಳ ಏಜೆಂಟರಿಗೆ ತೋರಿಸಿ ಅವರ ಮುಂದೆ ಬೀಗ ಹಾಕಿ, ಅರಗಿನ ಮುದ್ರೆ ಒತ್ತಿ.

ಎಣಿಕೆ

ಅದೇ ದಿನ ಎಣಿಸಿ. ರಾತ್ರಿ ಪೆಟ್ಟಿಗೆ ಇಟ್ಟರೆ ಇಲ್ಲದ ಅನುಮಾನ ಹುಟ್ಟುತ್ತದೆ. ಫ್ಯಾನ್ ಆರಿಸಿ, ಚೀಟಿ ಹಾರಬಾರದು. ಸೆಕೆ ತಡೆದುಕೊಳ್ಳಿ, ಮಜ್ಜಿಗೆ ತರಿಸಿಡಿ.

ಬೇರೆ ಬೇರೆ ಕೇಂದ್ರದ ಪೆಟ್ಟಿಗೆ ಇದ್ದರೆ ಮೊದಲು ಪ್ರತಿ ಪೆಟ್ಟಿಗೆಯ ಒಟ್ಟು ಸಂಖ್ಯೆಯನ್ನು ಪಟ್ಟಿಯ ಸಹಿಗಳ ಜೊತೆ ಹೊಂದಿಸಿ. ಆಮೇಲೆ ಎಲ್ಲಾ ಒಟ್ಟಿಗೆ ಬೆರೆಸಿ ಎಣಿಸಿ. ಒಂಬತ್ತೇ ಜನ ಇರುವ ಹೊರ ಕೇಂದ್ರದ ಪೆಟ್ಟಿಗೆಯನ್ನು ಪ್ರತ್ಯೇಕ ಎಣಿಸಿದರೆ ಅಲ್ಲಿ ಯಾರು ಯಾರಿಗೆ ಹಾಕಿದರು ಅಂತ ಊರಿಗೆಲ್ಲಾ ಗೊತ್ತಾಗುತ್ತದೆ. ಒಂದು ವರ್ಗಕ್ಕೆ ಪ್ರತ್ಯೇಕ ಮತಪತ್ರ ಇದ್ದರೆ ಆ ವರ್ಗದ್ದನ್ನು ಮಾತ್ರ ಬೆರೆಸಿ.

ಇಪ್ಪತ್ತೈದರ ಕಟ್ಟು ಮಾಡಿ ರಬ್ಬರ್ ಬ್ಯಾಂಡ್ ಹಾಕಿ. ಒಬ್ಬರು ಓದಲಿ, ಇಬ್ಬರು ಬೇರೆ ಬೇರೆ ಹಾಳೆಯಲ್ಲಿ ಗೆರೆ ಎಳೆಯಲಿ, ಕಟ್ಟು ಮುಗಿದಾಗ ಎರಡೂ ತಾಳೆ ನೋಡಿ. ಇರುವ ಸ್ಥಾನಕ್ಕಿಂತ ಜಾಸ್ತಿ ಮುದ್ರೆ ಒತ್ತಿದ್ದರೆ ಆ ಮತಪತ್ರ ತಿರಸ್ಕೃತ. ಕಡಿಮೆ ಒತ್ತಿದ್ದರೆ ಸರಿಯಾದದ್ದೇ. ಈ ನಿಯಮವನ್ನು ಮತಪತ್ರದ ಮೇಲೇ ಅಚ್ಚು ಹಾಕಿಸಿ. ಸಮ ಮತ ಬಂದರೆ ಮರುಎಣಿಕೆ, ಮತ್ತೂ ಸಮ ಬಂದರೆ ಚೀಟಿ ಎತ್ತುವುದು. ಲೋಕಸಭೆ, ವಿಧಾನಸಭೆ ಚುನಾವಣೆಗೂ 1951ರ ಪ್ರಜಾಪ್ರತಿನಿಧಿ ಕಾಯ್ದೆಯಲ್ಲಿ ಚೀಟಿಯ ದಾರಿಯೇ ಇರುವುದು, ಹಾಗಾಗಿ ಯಾರೂ ಬೇಸರ ಮಾಡಿಕೊಳ್ಳಬೇಕಾಗಿಲ್ಲ.

ತಕರಾರು ಬಂದರೆ

ಫಲಿತಾಂಶದ ನಂತರ ಏಳು ದಿನದೊಳಗೆ ಬರೆದು ಕೊಡುವಂತೆ ಬೈಲಾದಲ್ಲಿ ಇರಲಿ. ಅದನ್ನು ನೋಡುವ ಮೂವರ ಸಮಿತಿಯನ್ನು ಚುನಾವಣೆ ಘೋಷಿಸುವಾಗಲೇ ಮಹಾಸಭೆ ಆರಿಸಬೇಕು, ಗೆದ್ದವರು ಆರಿಸುವಂತೆ ಆಗಬಾರದು. ಮತಪತ್ರಗಳನ್ನು ಮೊಹರು ಮಾಡಿ ಕನಿಷ್ಠ ಆರು ತಿಂಗಳು ಇಡಿ. ಸಂಘದ ಆಡಳಿತವೇ ಹದಗೆಟ್ಟಿದ್ದರೆ, ಸದಸ್ಯರಲ್ಲಿ ಮೂರನೇ ಒಂದು ಭಾಗ ಸೇರಿ ಅರ್ಜಿ ಕೊಟ್ಟರೆ 1960ರ ಕಾಯ್ದೆಯ 25ನೇ ಕಲಮಿನಡಿ ನೋಂದಣಾಧಿಕಾರಿ ವಿಚಾರಣೆ ನಡೆಸಬೇಕು. ಗೆದ್ದವರು ಯಾರು, ಸೋತವರು ಯಾರು ಅನ್ನೋ ವ್ಯಾಜ್ಯ ಮಾತ್ರ ಸಾಮಾನ್ಯವಾಗಿ ಸಿವಿಲ್ ಕೋರ್ಟಿಗೆ ಹೋಗುತ್ತದೆ. ಅಲ್ಲಿ ವರ್ಷಗಟ್ಟಲೆ ಆಗುತ್ತದೆ, ಅಷ್ಟರಲ್ಲಿ ಸಮಿತಿಯ ಅವಧಿ ಮುಗಿದಿರುತ್ತದೆ. ಅದಕ್ಕೇ ಮೂವರ ಸಮಿತಿಗೆ ಒಳ್ಳೆಯವರನ್ನು ಹುಡುಕಿ.

ಅಧಿಕಾರ ವಹಿಸಿಕೊಡುವುದು

ಹೊಸ ಸಮಿತಿಯ ಹೆಸರು, ವಿಳಾಸದ ಪಟ್ಟಿಯನ್ನೂ ಲೆಕ್ಕಪತ್ರವನ್ನೂ ವಾರ್ಷಿಕ ಮಹಾಸಭೆ ಆದ 14 ದಿನದೊಳಗೆ ನೋಂದಣಾಧಿಕಾರಿಗೆ ಸಲ್ಲಿಸಬೇಕು. ಇದು ಪ್ರತಿ ವರ್ಷದ ಕೆಲಸ, ಚುನಾವಣೆ ಇಲ್ಲದ ವರ್ಷವೂ ಇದೆ. ಕುಲಸಚಿವರಿಗೆ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಬ್ಯಾಂಕಿನಲ್ಲಿ ಸಹಿ ಬದಲಿಸುವುದಕ್ಕೆ ಠರಾವಿನ ಪ್ರತಿ, ಹಳೆಯ ಮತ್ತು ಹೊಸ ಪದಾಧಿಕಾರಿಗಳ ಗುರುತಿನ ಚೀಟಿ ಕೇಳುತ್ತಾರೆ, ಎಲ್ಲರೂ ಒಂದೇ ದಿನ ಹೋಗಿ ಬನ್ನಿ.

ನಗದು ಪುಸ್ತಕ, ರಸೀದಿ ಪುಸ್ತಕಗಳು (ಖಾಲಿ ಪುಸ್ತಕಗಳ ಸಂಖ್ಯೆ ಸಮೇತ), ಠೇವಣಿ ಪತ್ರ, ನಡಾವಳಿ ಪುಸ್ತಕ, ಮೂಲ ನೋಂದಣಿ ಪತ್ರ, ಮೊಹರು, ಇವುಗಳ ಪಟ್ಟಿ ಮಾಡಿ ಎರಡೂ ಕಡೆಯವರು ಸಹಿ ಹಾಕಿ. ಕೊನೆಗೆ ಅಲ್ಮೇರಾ ಕೀಲಿ.

ಕೀಲಿ ಕೈಗೆ ಬಂದ ದಿನವೇ ಹೊಸ ಕಾರ್ಯದರ್ಶಿ ಸದಸ್ಯರ ಪುಸ್ತಕ ತೆಗೆದು, ಆ ತಿಂಗಳು ವರ್ಗಾವಣೆ ಆದವರನ್ನು ಹಳೆಯ ಪುಟದಿಂದ ಹೊಸ ಪುಟಕ್ಕೆ ಬರೆಯಬೇಕು. ನಮ್ಮಲ್ಲಿ ಈಗ ಪ್ರತಿ ತಿಂಗಳು ಪಗಾರ ಆದ ಮರುದಿನ ಈ ಕೆಲಸ ಆಗುತ್ತದೆ, ಅರ್ಧ ಗಂಟೆ ಸಾಕು. ಆ ಅಕ್ಕನ ಹೆಸರು ಪರೀಕ್ಷಾ ವಿಭಾಗದ ಪುಟದಲ್ಲಿ ಇದೆ, ನಾನೇ ಬರೆದಿದ್ದು. ಮುಂದಿನ ಚುನಾವಣೆಯಲ್ಲಿ ಅವರು ಬಂದಿದ್ದರು, ಪಟ್ಟಿಯಲ್ಲಿ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ನೋಡಿ ಆಮೇಲೆ ಸಹಿ ಹಾಕಿದರು.